ಬೈಗುಳವೇ ಹೆಸರಾದಾಗ

ರಾಕ್ ಸಂಗೀತದ ಮೇಳಗಳಲ್ಲಿ ಕೇಳುವವರನ್ನು ಬೆಚ್ಚಿಬೀಳಿಸುವ ಹೆಸರಿಟ್ಟುಕೊಳ್ಳುವ ಪದ್ಧತಿಯೊಂದುಂಟು. 1978ರಲ್ಲಿ ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಮೇಳವೊಂದು 'ಡೆಡ್ ಕೆನಡೀಸ್', ಎಂದರೆ 'ಸತ್ತ ಕೆನಡಿಗಳು', ಎಂದು ಕರೆದುಕೊಂಡಿತು. 1963 ಹಾಗೂ 1968ರಲ್ಲಿ ಕೊಲೆಯಾದ ಕೆನಡಿ ಸಹೋದರರ ಶೋಕ ಆ ದೇಶದಲ್ಲಿ ಇನ್ನೂ ಆರಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥದೊಂದು ಹೆಸರುಂಟು. ಬೆಂಗಳೂರಿನ 'ಬೇವರ್ ಸೀ' ಮೇಳದ ಮೊದಲ ಧ್ವನಿಮುದ್ರಿಕೆ 2012ರಲ್ಲಿ ಹೊರಬಂದಿತು. ಇಂಗ್ಲೀಷಿನಲ್ಲಿ ಓದಿದವರಿಗೆ ಅದು ಯಾವುದೋ ಸಮುದ್ರದ ಹೆಸರು. ಕನ್ನಡಿಗನ ಕಿವಿಗೆ 'ಬೇವರ್ಸಿ'. 'ಬೇ' ಎಂಬುದು ಪಾರಸಿ, 'ವಾರಿಸ್' ಅರಬ್ಬಿ. ಎರಡೂ ಕೂಡಿದರೆ ವಾರಸುದಾರರಿಲ್ಲದ್ದು ಎಂದರ್ಥ. ಕಾಗದಪತ್ರದ ಶಬ್ದವೇ ಜನರ ಬಾಯಲ್ಲಿ ಬೈಗುಳವಾಯಿತು.

ನಗರದಲ್ಲಿ ಇದು ನಗೆಮಾತು. ನಮ್ಮ ಬಮ್ಮಿಗಟ್ಟಿಯ ಕಡೆ ಉತಾರದಲ್ಲಿ ವಾರಸಾ ಹಚ್ಚಿಸಲು ಕಚೇರಿಗೆ ಅಲೆಯುವವರಿದ್ದಾರೆ. ತಂದೆಯಿಲ್ಲದ ಹುಡುಗನಿಗೆ ಆ ಶಬ್ದ ತಾಗುವ ಬಗೆಯೇ ಬೇರೆ.

ಹಾಗಾದರೆ ಇಂಥ ಹೆಸರು ಸಲ್ಲದೇ? ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ನಮ್ಮ ಹಿರಿಯರು ತಿಪ್ಪೆಯ ಹೆಸರಿಟ್ಟು ತಿಪ್ಪಣ್ಣ, ತಿಪ್ಪವ್ವ ಎಂದು ಕರೆದರು. ಹೀನ ಹೆಸರು ಕೂಸನ್ನು ಕಾಯುವುದೆಂಬ ನಂಬಿಕೆ. ಹೆಸರು ಕೀಳಾದರೂ ಕರೆಯುವ ಬಾಯಲ್ಲಿ ಅಕ್ಕರೆಯಿತ್ತು.

ಆದುದರಿಂದ ಹೆಸರಿನ ನೋವು ಯಾರ ಪಾಲಿಗೆ ಬಂತೆಂದು ನೋಡಬೇಕು. ಬೆಂಗಳೂರಿನ ಮೇಳ ಬೈಗುಳವನ್ನು ತನ್ನ ಮೇಲೆಯೇ ಹೊತ್ತಿತು, ನಾವೂ ನಗಬಹುದು. ಸತ್ತ ಕೆನಡಿಗಳ ಹೆಸರಿನ ನೋವು ಅವರ ಮನೆಯವರಿಗೆ ಉಳಿಯಿತು. ಬೈಗುಳವನ್ನು ತಾನೇ ತೊಟ್ಟವನು ಅದರ ಮೊನೆ ಮುರಿಯುತ್ತಾನೆ. ಸಹಪಾಠಿಯ ಮೇಲೆ ಎಸೆದವನು ಅದನ್ನು ಮಸೆಯುತ್ತಾನೆ.