ಜಠರವು ತನ್ನನ್ನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ?

ಮಾಂಸದ ತುಂಡೊಂದು ಜಠರವನ್ನು ಸೇರಿದರೆ ಕೆಲವು ಗಂಟೆಗಳಲ್ಲಿ ಗಂಜಿಯಂತಾಗುತ್ತದೆ. ಜಠರವಾದರೋ ಸ್ವತಃ ಮಾಂಸದ ಚೀಲವೇ. ಹಾಗಿದ್ದರೆ ಅದು ತನ್ನನ್ನೇ ಏಕೆ ಕರಗಿಸಿಕೊಳ್ಳುವುದಿಲ್ಲ? ಇದರ ಉತ್ತರವನ್ನು ಅರಿತರೆ, ‘ಆಸಿಡಿಟಿ’ ಎಂದು ನಾವೇ ಹೆಸರಿಟ್ಟು ವರ್ಷಗಟ್ಟಲೆ ಮಾತ್ರೆ ನುಂಗುವ ತೊಂದರೆಯ ಮೂಲವೂ ತಿಳಿದೀತು.

ಅಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ. ನಾಳದ ಕೊನೆಯಲ್ಲಿರುವ ಸ್ನಾಯುವಿನ ಬಳೆ ತೆರೆದು ಅದನ್ನು ಒಳಗೆ ಬಿಟ್ಟು ಮತ್ತೆ ಬಿಗಿದುಕೊಳ್ಳುತ್ತದೆ. ಈ ಬಳೆ ಸಡಿಲಗೊಂಡಾಗ ಆಮ್ಲವು ಮೇಲೇರಿ ಎದೆಯುರಿಯುಂಟಾಗುತ್ತದೆ. ಕೊನೆಯ ಬಸ್ಸಿಗೋ ಲೋಕಲ್ ರೈಲಿಗೋ ಮನೆ ಸೇರಿ, ಉಂಡೊಡನೆ ಮಲಗುವ ನಗರವಾಸಿಗೆ ಇದರ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಊಟಕ್ಕೂ ಶಯನಕ್ಕೂ ನಡುವೆ ಎರಡು ಮೂರು ಗಂಟೆಗಳ ಅಂತರವಿದ್ದರೆ ಲೇಸು.

ಜಠರದೊಳಗಿನ ಕೆಲಸವನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಒಂದು ಅಪಘಾತ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಬಂದೂಕಿನ ಗುಂಡು ತಗುಲಿತು. ಅವನು ಬದುಕಿದನು, ಆದರೆ ಹೊಟ್ಟೆಯ ಗಾಯ ಪೂರ್ಣವಾಗಿ ಮುಚ್ಚದೆ ಕಿಂಡಿಯಾಗಿ ಉಳಿಯಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಮಾಂಸ, ರೊಟ್ಟಿ, ಎಲೆಕೋಸುಗಳ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ಕಿಂಡಿಯಲ್ಲಿ ಇಳಿಬಿಟ್ಟು, ಆಗಾಗ ಹೊರಗೆಳೆದು ಪರೀಕ್ಷಿಸಿದನು. ಜಠರರಸವನ್ನು ಸೀಸೆಗೆ ತೆಗೆದು ಬೆಚ್ಚಗಿಟ್ಟರೆ ಅಲ್ಲಿಯೂ ಮಾಂಸ ಕರಗಿತು! ಜೀರ್ಣಕ್ರಿಯೆ ಕೇವಲ ಅರೆಯುವಿಕೆಯಲ್ಲ, ರಾಸಾಯನಿಕ ಕ್ರಿಯೆಯೆಂಬುದು ಇದರಿಂದ ದೃಢವಾಯಿತು. ರೋಗಿಯನ್ನು ಹೀಗೆ ಬಳಸಿಕೊಂಡದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ಇಂದಿಗೂ ಚುಚ್ಚುತ್ತದೆ.

ದಿನಕ್ಕೆ ಸುಮಾರು ಎರಡು ಲೀಟರ್ ಸ್ರವಿಸುವ ಈ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಇವೆ. ಜಠರದ ರಕ್ಷಣೆಗಿರುವುದು ಒಳಗೋಡೆಯನ್ನು ಆವರಿಸಿದ ಲೋಳೆಯ ತೆಳುಪದರ. ಅದರಡಿಯಲ್ಲಿ ಒಸರುವ ಕ್ಷಾರವು ಆಮ್ಲವನ್ನು ತಡೆಯುತ್ತದೆ. ಮೇಲ್ಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಪೆಪ್ಸಿನ್ ಕೂಡ ನಿಷ್ಕ್ರಿಯ ರೂಪದಲ್ಲಿಯೇ ಹುಟ್ಟಿ, ಆಮ್ಲವನ್ನು ಕೂಡಿದ ಮೇಲಷ್ಟೇ ಚುರುಕಾಗುತ್ತದೆ.

ಈ ಕಾವಲು ಮುರಿದಲ್ಲಿ ಹುಣ್ಣು. ಮುರಿಯುವವರು ಯಾರು? ಮೆಣಸಿನಕಾಯಿಯನ್ನೂ ಮನಸ್ಸಿನ ಚಿಂತೆಯನ್ನೂ ಬಹುಕಾಲ ದೂರಿದ್ದಾಯಿತು. ಖಾರವು ಇರುವ ಉರಿಯನ್ನು ಕೆರಳಿಸಬಹುದು. ಆದರೆ ಬಹುಪಾಲು ಹುಣ್ಣುಗಳ ಕಾರಣ ಬೇರೆ. ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಜಠರದ ಲೋಳೆಯಲ್ಲಿಯೇ ಬದುಕುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಜೀವಿಗಳ ದ್ರಾವಣವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಉಸಿರು ಅಥವಾ ಮಲದ ಪರೀಕ್ಷೆಯಿಂದ ಈ ಸೋಂಕನ್ನು ಪತ್ತೆಮಾಡಬಹುದು. ಸಾಮಾನ್ಯವಾಗಿ ಎರಡು ವಾರಗಳ ಚಿಕಿತ್ಸೆಯಿಂದ ನಿವಾರಿಸಲೂಬಹುದು.

ಎರಡನೆಯ ಕಾರಣ ನಮ್ಮ ಮನೆಯ ಕಪಾಟಿನಲ್ಲಿಯೇ ಇದೆ. ಮಂಡಿನೋವಿಗೂ ತಲೆನೋವಿಗೂ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಮುಂತಾದ ಮಾತ್ರೆಗಳು ಲೋಳೆಯ ರಕ್ಷಣೆಯನ್ನು ಕುಗ್ಗಿಸುತ್ತವೆ. ಹೃದ್ರೋಗಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ಮಾತ್ರ ತಾನಾಗಿ ನಿಲ್ಲಿಸಬಾರದು, ಅವರನ್ನೇ ಕೇಳಬೇಕು.

ಮಲವು ಡಾಂಬರಿನಂತೆ ಕಪ್ಪಾಗಿ ಜಿಗುಟಾದರೆ ಅದು ಒಳಗಿನ ರಕ್ತಸ್ರಾವದ ಸೂಚನೆಯಾಗಿರಬಹುದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಆದರೂ ಅದನ್ನು ನಿರ್ಧರಿಸುವ ಕೆಲಸ ನಮ್ಮದಲ್ಲ. ಇಂಥ ಮಲ ಕಂಡರೆ ಅಥವಾ ರಕ್ತವಾಂತಿಯಾದರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗಲು ತೊಡಕಾದರೆ, ವೈದ್ಯರ ಭೇಟಿಯನ್ನು ಮುಂದೂಡದೆ, ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು.