ಅಂಬ್ರೆಲಾ ಪಾಮ್‌ಗೆ ಬಂದಿರುವುದು ಬೆಂಕಿ ರೋಗವಲ್ಲ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಎಚ್.ಡಿ. ಕೋಟೆ, ಹುಣಸೂರು ಕಡೆಯ ಸಣ್ಣ ನರ್ಸರಿಗಳಿಂದ ಒಂದೇ ದೂರು ಬರತೊಡಗುತ್ತದೆ. ನಾಲ್ಕು ದಂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಡುತ್ತಾರೆ. "ಸಾರ್, ಬೆಂಕಿ ರೋಗ ಬಿದ್ದದೆ, ಯಾವ ಔಷ್ದಿ ಹೊಡೀಲಿ?" ದಂಟು ಹಸಿರಾಗಿಯೇ ಇರುತ್ತದೆ. ತುದಿಯಲ್ಲಿ ಛತ್ರಿಯಂತೆ ಹರಡಿದ ಎಲೆಗಳ ಕೊನೆ ಮಾತ್ರ ಅಂಗುಲದಷ್ಟು ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಅಷ್ಟು ಹೊತ್ತಿಗಾಗಲೇ ಟ್ರೈಸೈಕ್ಲಜೋಲ್, ಮ್ಯಾಂಕೋಜೆಬ್ ಎರಡೂ ಹೊಡೆದಾಗಿರುತ್ತದೆ. ಅಂಗಡಿಯವನು ಕೊಟ್ಟ, ಇವರು ಹೊಡೆದರು.

ಭತ್ತ ಬೆಳೆದವರಿಗೆ ಬೆಂಕಿ ರೋಗ ಹೇಗಿರುತ್ತದೆಂದು ನಾನು ಹೇಳಬೇಕೇ? ಎಲೆಯ ನಡುವೆ ವಜ್ರಾಕಾರದ ಚುಕ್ಕೆ, ಒಳಗೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಅದು ಇಲ್ಲಿ ಎಲ್ಲಿದೆ? ಎಲ್ಲ ಎಲೆಗಳ ತುದಿಯೂ ಒಂದೇ ಅಳತೆಯಲ್ಲಿ ಒಣಗಿದ್ದರೆ ಅದು ರೋಗವಲ್ಲ. ಗಿಡಕ್ಕೆ ನೀರು ಸಾಲುತ್ತಿಲ್ಲ.

ನೀರು ಏಕೆ ಸಾಲುತ್ತಿಲ್ಲ ಎಂದು ಕೇಳಿದರೆ ಕಥೆ ಶುಂಠಿಗೆ ಹೋಗುತ್ತದೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಶುಂಠಿ ಹಾಕಿ ಕೊಳೆ ರೋಗಕ್ಕೆ ದುಡ್ಡು ಸುರಿದವರು ಬೇಕಾದಷ್ಟು ಜನ. ಏರು ಮಡಿ, ಬಸಿಗಾಲುವೆ, ನೀರು ನಿಲ್ಲಬಾರದು ಎಂಬ ಪಾಠ ಅವರ ಮೈಗೆ ಹತ್ತಿದೆ. ಶುಂಠಿಗೆ ಅದು ಸರಿ. ಅದೇ ಕೈ ಅಂಬ್ರೆಲಾ ಪಾಮ್ ಕುಂಡಕ್ಕೂ ಐದು ತೂತು ಕೊರೆಯುತ್ತದೆ, ಇಟ್ಟಿಗೆ ಮೇಲೆ ಎತ್ತಿಡುತ್ತದೆ, ಬೆಳಿಗ್ಗೆ ಒಂದು ಚೊಂಬು ನೀರು ಹಾಕಿ ಸಂಜೆಯೊಳಗೆ ಒಣಗಲು ಬಿಡುತ್ತದೆ. ತುದಿ ಸುಟ್ಟ ಕೂಡಲೇ ಬೇರು ಕೊಳೆಯಿತೆಂದು ಇನ್ನೂ ನೀರು ಕಡಿಮೆ ಮಾಡಿ, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಸುರಿಯುತ್ತದೆ. ಪ್ರತಿ ಬೇಸಿಗೆಯಲ್ಲೂ ಇದೇ ತಪ್ಪು.

ಅಂಬ್ರೆಲಾ ಪಾಮ್ ತಾಳೆಯ ಜಾತಿಯೇ ಅಲ್ಲ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನೀವು ಕಿತ್ತು ಕಿತ್ತು ಸುಸ್ತಾಗುವ ಕೊನ್ನಾರಿ, ತುಂಗೆಯ ದಾಯಾದಿ. ಆಫ್ರಿಕಾ, ಮಡಗಾಸ್ಕರ್ ಕಡೆಯ ಹೊಳೆದಂಡೆಯಿಂದ ಬಂದದ್ದು. ದಂಟಿನೊಳಗೆ ಗಾಳಿ ಓಡಾಡುವ ಸಂದುಗಳಿರುವುದರಿಂದ ಕೆಸರಿನಲ್ಲಿ ಮುಳುಗಿದ ಬೇರಿಗೂ ಉಸಿರು ಮೇಲಿನಿಂದಲೇ ಇಳಿಯುತ್ತದೆ. ಶಾಸ್ತ್ರ ಇಷ್ಟು ಸಾಕು.

ಇನ್ನು ಕೆಲಸದ ಮಾತು. 8 ಅಂಗುಲದ ಕುಂಡವಾದರೆ ಕೆಳಗೆ ಅಗಲದ ತಟ್ಟೆ ಇಟ್ಟು ಅದರಲ್ಲಿ ಸದಾ 1ರಿಂದ 2 ಅಂಗುಲ ನೀರು ನಿಂತಿರಬೇಕು. ಸದಾ ಎಂದರೆ ಸದಾ. ಹೆಚ್ಚು ಕುಂಡ ಇದ್ದವರು ತಟ್ಟೆ ಕೊಳ್ಳಬೇಡಿ. ನೆಲ ಮಟ್ಟ ಮಾಡಿ, 10 ಅಡಿ ಉದ್ದ 4 ಅಡಿ ಅಗಲಕ್ಕೆ ಸುತ್ತ ಒಂದು ವರಸೆ ಇಟ್ಟಿಗೆ ಜೋಡಿಸಿ, ಮೇಲೆ ಸಿಲ್ಪಾಲಿನ್ ಹಾಳೆ ಹಾಸಿ. ಅದರೊಳಗೆ ಐವತ್ತು ಕುಂಡ ಒತ್ತೊತ್ತಾಗದಂತೆ ಕೂರುತ್ತವೆ. 2 ಅಂಗುಲ ನೀರಿಗೆ ಖಾಲಿ ತೊಟ್ಟಿಯ ಲೆಕ್ಕದಲ್ಲಿ ಸುಮಾರು 190 ಲೀಟರ್ ಹಿಡಿಯುತ್ತದೆ, ಕುಂಡ ಕೂತ ಮೇಲೆ ಅದಕ್ಕಿಂತ ಕಡಿಮೆ. ಏಪ್ರಿಲ್ ಬಿಸಿಲಿನಲ್ಲಿ ದಿನವೂ ನೋಡಿ ತುಂಬಿಸಬೇಕು. ಭಾನುವಾರ ಮದುವೆಗೆ ಹೋಗಿದ್ದೆ, ಸೋಮವಾರ ಮರೆತೆ ಎಂಬ ಮಾತಿಗೆ ಈ ಗಿಡ ಸುಟ್ಟ ತುದಿಯಲ್ಲೇ ಉತ್ತರ ಕೊಡುತ್ತದೆ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಆ ದಂಟನ್ನು ಬುಡಕ್ಕೆ ಕತ್ತರಿಸಿ. ಬೇರು ಬದುಕಿದ್ದರೆ ಹೊಸದು ಏಳುತ್ತದೆ.

ಮಣ್ಣಿಗೆ ಕೆರೆ ಗೋಡು ಒಂದು ಪಾಲು, ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹಸಿ ಸಗಣಿ ಬೇಡ, ನಿಂತ ನೀರಿನಲ್ಲಿ ನಾರುತ್ತದೆ. ಮೇಲ್ಗಡೆ ಅರ್ಧ ಅಂಗುಲ ದಪ್ಪ ಮರಳು ಹಾಕಿದರೆ ಗೊಬ್ಬರ ತೇಲುವುದಿಲ್ಲ.

ನೆರಳಿಗೆ ಶೇ. 50ರ ಹಸಿರು ಬಲೆ. ನೆರಳು ಬೇಡುವ ಗಿಡವೆಂದು ಕೇಳಿ ಶೇ. 75ರ ಬಲೆಯನ್ನು ಎರಡು ಪದರ ಕಟ್ಟಿದವರಿದ್ದಾರೆ. ಅಲ್ಲಿ ದಂಟು ಸಣಕಲಾಗಿ ಬೆಳೆದು ಬಾಗಿ ಬೀಳುತ್ತದೆ, ಬೀಳದಂತೆ ಕಡ್ಡಿ ಕಟ್ಟುವ ಕೆಲಸ ಬೇರೆ. ತೆಂಗಿನ ತೋಟದ ಚೆಲ್ಲಾಪಿಲ್ಲಿ ನೆರಳು, ಮನೆಯ ಪೂರ್ವದ ಜಗಲಿ, ಬಾವಿಕಟ್ಟೆಯ ಪಕ್ಕ, ಇವೆಲ್ಲ ಬಲೆಯಿಲ್ಲದೆಯೂ ನಡೆಯುತ್ತವೆ. ಬೇರು ನೀರಿನಲ್ಲಿದ್ದರೆ ಬೆಳಗಿನ ಬಿಸಿಲು ಏನೂ ಮಾಡದು. ನೆರಳು ಮನೆಗೆ ಸಹಾಯಧನ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಐವತ್ತು ಕುಂಡಕ್ಕಾಗಿ ಪಹಣಿ ಹಿಡಿದು ಓಡಾಡುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ ಎಂಬುದಷ್ಟೇ ನನ್ನ ಮಾತು.

ಗೊಬ್ಬರದ ವಿಷಯದಲ್ಲಿ ದಯವಿಟ್ಟು ಅಳೆಯಿರಿ. ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ 2 ಗ್ರಾಂ, 8 ಅಂಗುಲದ ಕುಂಡವೊಂದಕ್ಕೆ 200 ಮಿಲಿ, 15 ದಿನಕ್ಕೊಮ್ಮೆ. ಮಾರ್ಚ್ ಏಪ್ರಿಲ್‌ನಲ್ಲಿ ಅದನ್ನು 1 ಗ್ರಾಂಗೆ ಇಳಿಸಿ. ಕುಂಡದ ಮೇಲೆ ಹಾಕಬೇಕು, ತೊಟ್ಟಿಯ ನೀರಿಗೆ ಸುರಿಯಬಾರದು. ಸುರಿದರೆ ಪಾಚಿ ಬೆಳೆಯುತ್ತದೆ, ಗಿಡವಲ್ಲ. ಯೂರಿಯಾ ಬೇಡವೇ ಬೇಡ. "ಒಂದು ಚಿಟಿಕೆ ಹಾಕ್ದೆ ಸಾರ್" ಎನ್ನುವವರ ಚಿಟಿಕೆಯನ್ನು ತಕ್ಕಡಿಗೆ ಹಾಕಿ ನೋಡಿದರೆ ಅದು ಹಿಡಿಯಾಗಿರುತ್ತದೆ. ಬೇರೆ ಕುಂಡಗಳಲ್ಲಿ ಹೆಚ್ಚಾದ ಗೊಬ್ಬರ ತೂತಿನಿಂದ ಹರಿದು ಹೋಗುತ್ತದೆ. ಇಲ್ಲಿ ನೀರು ಹರಿಯುವುದಿಲ್ಲ, ಆರುತ್ತದೆ ಅಷ್ಟೆ. ಉಪ್ಪು ಅಲ್ಲೇ ಉಳಿಯುತ್ತದೆ.

ತೊಟ್ಟಿಯಲ್ಲಿ ನೀರು ನಿಂತಿದ್ದರೂ ತುದಿ ಸುಡುತ್ತಿದ್ದರೆ ಕಾರಣ ಈ ಉಪ್ಪೇ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಬೀಚನಹಳ್ಳಿಯ ಕಬಿನಿ ಜಲಾಶಯ 2,284 ಅಡಿಗೆ ತುಂಬಿ ನಾಲೆ ಹರಿಯುವ ತಿಂಗಳುಗಳಲ್ಲಿ ಈ ತೊಂದರೆ ಕಾಣುವುದು ಕಡಿಮೆ. ನಾಲೆ ನಿಂತು ಬೋರಿನ ಗಡಸು ನೀರಿಗೆ ಬಂದ ಮೇಲೆ ಶುರು. ತಿಂಗಳಿಗೊಮ್ಮೆ ಕುಂಡವನ್ನು ತೊಟ್ಟಿಯಿಂದ ತೆಗೆದು, ಕುಂಡದ ಮೂರರಷ್ಟು ಒಳ್ಳೆಯ ನೀರನ್ನು ಮೇಲಿನಿಂದ ಹಾಯಿಸಿ ಬಸಿದು ಮತ್ತೆ ಇಡಿ. ತೊಟ್ಟಿಯ ಹಳೆ ನೀರು ತೆಂಗಿನ ಬುಡಕ್ಕೆ ಹೋಗಲಿ. ಗಡಸು ನೀರಿನಲ್ಲಿ ಹೊಸ ಎಲೆ ಬಿಳಿಚಿಕೊಂಡರೆ ಕಬ್ಬಿಣದ ಕೊರತೆ: ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಜೊತೆಗೆ ಸಿಟ್ರಿಕ್ ಆಮ್ಲ 1 ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ.

ಕೀಟಗಳು ಹೆಚ್ಚಿಲ್ಲ. ಬೇಸಿಗೆಯಲ್ಲಿ ನುಸಿ ಬರುತ್ತದೆ. ಎಲೆಯಲ್ಲಿ ಸೂಜಿ ಚುಚ್ಚಿದಂತೆ ಹಳದಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ. ಬಿಳಿ ಕಾಗದದ ಮೇಲೆ ಕೊಡವಿದರೆ ಹರಿದಾಡುತ್ತವೆ. ಮೊದಲು ಮೂರು ದಿನ ಬರಿ ನೀರನ್ನೇ ಛತ್ರಿಯ ಅಡಿಗೆ ರಭಸವಾಗಿ ಹೊಡೆಯಿರಿ. ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ ಶೇ. 80ರದ್ದು ಲೀಟರಿಗೆ 3 ಗ್ರಾಂ, ಬಿಸಿಲು ಇಳಿದ ಮೇಲೆ. ಹಿಟ್ಟು ತಿಗಣೆಗೆ ಬೇವಿನ ಕೀಟನಾಶಕ 1500 ಪಿಪಿಎಂ ಲೀಟರಿಗೆ 5 ಮಿಲಿ, ಅಂಟಿಗೆ ಸೋಪಿನ ದ್ರಾವಣ 1 ಮಿಲಿ. ಗಂಧಕಕ್ಕೂ ಬೇವಿನ ಎಣ್ಣೆಗೂ ನಡುವೆ 15 ದಿನ ಇರಲಿ. ಎರಡನ್ನೂ ಕೂಡಿಸಿದರೆ ಎಲೆ ಸುಡುತ್ತದೆ, ಆಮೇಲೆ ಅದಕ್ಕೂ ಬೆಂಕಿ ರೋಗವೆಂದು ಹೆಸರಿಡುತ್ತೀರಿ.

ನನಗೆ ಸಿಟ್ಟು ಬರುವ ಇನ್ನೊಂದು ವಿಷಯ ಸಿಂಪರಣಾ ಡಬ್ಬಿ. ಕಬ್ಬು, ಮುಸುಕಿನ ಜೋಳದಲ್ಲಿ ಕೊನ್ನಾರಿಗೆಂದು ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಶೇ. 75ರ ಕಳೆನಾಶಕ ಹೊಡೆಯುತ್ತೀರಿ. ಪ್ರಮಾಣ ಎಕರೆಗೆ ಬರಿ 36 ಗ್ರಾಂ. ಒಂದು ಎಕರೆಯ ಕೊನ್ನಾರಿಯನ್ನು ಮಲಗಿಸಲು ಅಷ್ಟು ಸಾಕಾದರೆ, ತೊಳೆಯದ ಡಬ್ಬಿಯ ತಳದಲ್ಲಿ ಉಳಿದದ್ದು ಅದರ ದಾಯಾದಿಯನ್ನು ಬಿಟ್ಟೀತೇ? ಅದೇ ಡಬ್ಬಿಯಲ್ಲಿ ಬೇವಿನೆಣ್ಣೆ ಕಲಸಿ ನರ್ಸರಿಗೆ ಹೊಡೆಯುತ್ತಾರೆ. ಹಳೆ ದಂಟು ಹಸಿರಾಗಿಯೇ ನಿಂತಿರುತ್ತದೆ, ನಡುವಿನ ಹೊಸ ಮೊಳಕೆ ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. ಭತ್ತಕ್ಕೆ ಹೊಡೆಯುವ 2,4-ಡಿ ಕಥೆಯೂ ಬೇರೆಯಲ್ಲ. ಇದಕ್ಕೆ ಮದ್ದಿಲ್ಲ. ಕಳೆನಾಶಕಕ್ಕೆ ಒಂದು ಡಬ್ಬಿ, ಉಳಿದದ್ದಕ್ಕೆ ಇನ್ನೊಂದು, ಬಣ್ಣ ಬಳಿದು ಗುರುತು ಮಾಡಿ. ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ನಿಂತ ನೀರೆಂದರೆ ಸೊಳ್ಳೆ. ಡೆಂಗಿ ಬಂದ ಮೇಲೆ ಅಂಬ್ರೆಲಾ ಪಾಮನ್ನು ಬಯ್ಯಬೇಡಿ. ಸಣ್ಣ ತಟ್ಟೆಗಳ ನೀರನ್ನು ಐದು ದಿನಕ್ಕೊಮ್ಮೆ ಚೆಲ್ಲಿ ತಟ್ಟೆ ಉಜ್ಜಿ. ಆಳವಿರುವ ಸಿಮೆಂಟ್ ತೊಟ್ಟಿಗೆ ಗಪ್ಪಿ ಮೀನು ಬಿಡಿ, ಆರೋಗ್ಯ ಇಲಾಖೆಯವರಲ್ಲಿ ಕೇಳಿ. ಮೀನಿರುವ ತೊಟ್ಟಿಯ ಕುಂಡಗಳಿಗೆ ಔಷಧಿ ಹೊಡೆಯುವಾಗ ಕುಂಡ ಹೊರಗೆ ತೆಗೆಯಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಸಸಿ ಮಾಡುವುದು ಸುಲಭ, ಕಾಲ ಜೂನ್ ಜುಲೈ. ಎರಡು ವರ್ಷದ ಬುಡವನ್ನು ಚೂಪಾದ ಕುಡುಗೋಲಿನಿಂದ ಸೀಳಿ, ಒಂದೊಂದು ತುಂಡಿನಲ್ಲೂ ಬೇರಿನ ಸಮೇತ ಮೂರ್ನಾಲ್ಕು ದಂಟು ಉಳಿಸಿ ನೆಡಿ. ಬುಡ ಕಡಿಮೆ ಇದ್ದರೆ ಛತ್ರಿಯಿಂದಲೇ ಮಾಡಬಹುದು: 2 ಅಂಗುಲ ದಂಟಿನ ಸಮೇತ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕು ಮಾಡಿ, ತಲೆಕೆಳಗಾಗಿ ನೀರಿನಲ್ಲಿ ತೇಲಿಬಿಡಿ. ಎರಡು ಮೂರು ವಾರದಲ್ಲಿ ಎಲೆಗಳ ಸಂದಿನಿಂದ ಬೇರು, ಮೊಳಕೆ ಎರಡೂ ಬರುತ್ತವೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನವರು ಸಸಿ ಟ್ರೇಯಲ್ಲಿ ಇದನ್ನು ಮಾಡಹೋಗುತ್ತಾರೆ. ಆ ಗುಣಿ ಇದಕ್ಕೆ ಚಿಕ್ಕದು. ಅಗಲದ ಬೋಗುಣಿ ಸಾಕು.

ಇಷ್ಟು ಸುಲಭವಾಗಿ ಚಿಗುರುವುದೇ ಇದರ ಅಪಾಯ ಕೂಡ. ಆಸ್ಟ್ರೇಲಿಯಾದಲ್ಲೂ ಹವಾಯಿಯಲ್ಲೂ ತೋಟದಿಂದ ತಪ್ಪಿಸಿಕೊಂಡು ಹಳ್ಳಕೊಳ್ಳಗಳಲ್ಲಿ ಕಳೆಯಾಗಿ ಕೂತಿದೆ. ಕತ್ತರಿಸಿದ ಛತ್ರಿ, ಸೀಳಿ ಉಳಿದ ಬುಡ, ಹೂಬಿಟ್ಟು ಬೀಜ ಕಟ್ಟಿದ ದಂಟು, ಇವನ್ನು ಕಬಿನಿಯ ನಾಲೆಗೂ ಲಕ್ಷ್ಮಣತೀರ್ಥದ ಹಳ್ಳಕ್ಕೂ ಎಸೆಯಬೇಡಿ. ಹೂ ಕಂದು ಬಣ್ಣಕ್ಕೆ ತಿರುಗುವ ಮೊದಲೇ ಕತ್ತರಿಸಿ, ಬಂಡೆಯ ಮೇಲೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ತಿಪ್ಪೆಗೆ ಹಾಕಿ. ಬೀಜ ಕಟ್ಟಿಬಿಟ್ಟಿದ್ದರೆ ತಿಪ್ಪೆಯೂ ಬೇಡ, ಒಲೆಗೆ ಹಾಕಿ. ಬೀಜ ಗೊಬ್ಬರದ ಜೊತೆ ಗದ್ದೆಗೆ ಹೋದರೆ ಮುಂದಿನ ವರ್ಷ ನಾಟಿಯ ಹೊತ್ತಿಗೆ ಕಳೆ ಕೀಳುವ ಕೂಲಿಯನ್ನು ನೀವೇ ಕೊಡಬೇಕು.