ಕೊಲೆಸ್ಟರಾಲ್ ಗುಳಿಗೆ: ಸೇವನೆಯ ಕ್ರಮ ಮತ್ತು ಎಚ್ಚರ

ಶರಾವತಿ ನದಿಯು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುವುದಕ್ಕೆ ಮೊದಲು ವಿಶಾಲವಾಗಿ ಹರಡಿಕೊಂಡು, ತನ್ನ ನಡುವೆ ಕೆಲವು ನಡುಗಡ್ಡೆಗಳನ್ನು ಉಳಿಸಿಕೊಂಡಿದೆ. ಇವುಗಳಿಗೆ ಆ ಕಡೆಯ ಜನರು ಕುರ್ವೆ ಎನ್ನುತ್ತಾರೆ. ಮಾವಿನಕುರ್ವೆ ಅಂಥದೊಂದು ಕುರ್ವೆ. ಆ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಯ ಅಜ್ಜನಿಗೆ ಕಳೆದ ವರ್ಷ ಹೃದಯಾಘಾತವಾಗಿತ್ತು. ವೈದ್ಯರು ಬರೆದುಕೊಟ್ಟ ಔಷಧಗಳಲ್ಲಿ ಕೊಲೆಸ್ಟರಾಲನ್ನು ಇಳಿಸುವ ಗುಳಿಗೆಯೂ ಒಂದು. ಮೂರು ತಿಂಗಳ ಬಳಿಕ ರಕ್ತಪರೀಕ್ಷೆಯಾಯಿತು, ಕೊಲೆಸ್ಟರಾಲ್ ಇಳಿದಿತ್ತು. ಕಾಲೇಜಿನಲ್ಲಿ ಓದುವ ಮೊಮ್ಮಗನನ್ನು ಅಜ್ಜ ಕೇಳುತ್ತಾರೆ: “ರಕ್ತ ಸರಿಯಾಯ್ತಲ್ಲ ತಮಾ, ಇನ್ನು ಈ ಗುಳಿಗೆ ಯಾಕೆ? ಅದನ್ನು ತಿಂದರೆ ಕಾಲೂ ನೋಯ್ತದೆ.”

ಔಷಧದ ಪಟ್ಟಿಯ ಮೇಲಿನ ಇಂಗ್ಲಿಷನ್ನು ಓದಬಲ್ಲವರು ಅನೇಕ ಮನೆಗಳಲ್ಲಿ ವಿದ್ಯಾರ್ಥಿಗಳೇ ಆಗಿರುತ್ತಾರೆ. ಆದುದರಿಂದ ಇಂಥ ಪ್ರಶ್ನೆ ಅವರ ಮುಂದೆಯೇ ಬರುತ್ತದೆ. ಇದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಆ ಗುಳಿಗೆಯು ದೇಹದಲ್ಲಿ ಯಾವ ದಾರಿಯಾಗಿ ಹೋಗುತ್ತದೆ, ಎಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿದಿರಬೇಕು.

ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ವಿಷವಲ್ಲ. ಅದು ಮೇಣದಂತಹ ಒಂದು ವಸ್ತು. ಅದರ ಒಂದು ಅಣುವಿನಲ್ಲಿ ೨೭ ಇಂಗಾಲದ ಪರಮಾಣುಗಳಿವೆ. ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಅದು ಬೇಕು. ಪಿತ್ತರಸದ ಆಮ್ಲಗಳು, ಡಿ ಜೀವಸತ್ವ, ಕೆಲವು ಹಾರ್ಮೋನುಗಳು ಇವೆಲ್ಲ ಅದರಿಂದಲೇ ಆಗುತ್ತವೆ. ಆಹಾರದಿಂದ ಬರುವುದಕ್ಕಿಂತ ಹೆಚ್ಚಿನ ಕೊಲೆಸ್ಟರಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಈ ತಯಾರಿಕೆಯಲ್ಲಿ ಯಕೃತ್ತಿನ ಪಾಲು ದೊಡ್ಡದು.

ಮೇಣವು ನೀರಿನಲ್ಲಿ ಕರಗದು. ಆದುದರಿಂದ ಕೊಲೆಸ್ಟರಾಲ್ ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳಲ್ಲಿ ಕುಳಿತು ರಕ್ತದಲ್ಲಿ ಸಂಚರಿಸುತ್ತದೆ. ಇವುಗಳಲ್ಲಿ ಎಲ್‌ಡಿಎಲ್ ಎಂಬ ಕಣಗಳು ಮಿತಿಮೀರಿದರೆ ಧಮನಿಗಳ ಗೋಡೆಯೊಳಕ್ಕೆ ನುಸುಳಿ ಅಲ್ಲಿ ಗಡ್ಡೆಕಟ್ಟುತ್ತವೆ. ವರ್ಷಗಳ ಮೇಲೆ ವರ್ಷಗಳು ಕಳೆದರೂ ನೋವಿಲ್ಲ, ಸೂಚನೆಯಿಲ್ಲ. ಒಂದು ದಿನ ಆ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಧಮನಿ ಮುಚ್ಚಿಹೋದಾಗ ಹೃದಯಾಘಾತವಾಗುತ್ತದೆ.

ಬೂಷ್ಟಿನಿಂದ ಬಂದ ಔಷಧ

ಈ ಗುಳಿಗೆಗಳಲ್ಲಿ ಮುಖ್ಯವಾದುವು ಸ್ಟ್ಯಾಟಿನ್ ಎಂಬ ವರ್ಗಕ್ಕೆ ಸೇರಿದವು. ಇವುಗಳ ಕಥೆ ಜಪಾನಿನಲ್ಲಿ ಆರಂಭವಾಗುತ್ತದೆ. ಅಕಿರಾ ಎಂಡೋ ಎಂಬ ವಿಜ್ಞಾನಿ ೧೯೭೧ರಿಂದ ಸಾವಿರಾರು ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಕೊಲೆಸ್ಟರಾಲಿನ ತಯಾರಿಕೆಯನ್ನು ತಡೆಯುವ ವಸ್ತುವು ಯಾವುದಾದರೂ ಶಿಲೀಂಧ್ರದಲ್ಲಿ ಇದ್ದೀತೆಂಬುದು ಅವನ ಊಹೆ. ೧೯೭೩ರಲ್ಲಿ ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೂಷ್ಟಿನಲ್ಲಿ ಅದು ಸಿಕ್ಕಿತು. ಈ ಬೂಷ್ಟು ಬೆಳೆದಿದ್ದುದು ಅಕ್ಕಿಯ ಮೇಲೆ! ಅನಂತರ ಇನ್ನೊಂದು ಶಿಲೀಂಧ್ರದಿಂದ ಪಡೆದ ಲೊವಾಸ್ಟ್ಯಾಟಿನ್ ಎಂಬ ಔಷಧವು ೧೯೮೭ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಇಂದು ನಮ್ಮಲ್ಲಿ ಹೆಚ್ಚಾಗಿ ಕೊಡುವ ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್‌ಗಳನ್ನು ಕಾರ್ಖಾನೆಯಲ್ಲಿ ರಾಸಾಯನಿಕ ವಿಧಾನದಿಂದ ತಯಾರಿಸುತ್ತಾರೆ.

ಸ್ಟ್ಯಾಟಿನ್ ಮಾಡುವ ಕೆಲಸವೇನು? ಯಕೃತ್ತಿನಲ್ಲಿ ಕೊಲೆಸ್ಟರಾಲನ್ನು ತಯಾರಿಸಲು ಅವಶ್ಯವಾದ ಒಂದು ಕಿಣ್ವದ ಬಾಯಿಗೆ ಅದು ಬೀಗ ಹಾಕುತ್ತದೆ. ತಯಾರಿಕೆ ಕುಗ್ಗಿದೊಡನೆ ಯಕೃತ್ತಿನ ಕೋಶಗಳಿಗೆ ಕೊಲೆಸ್ಟರಾಲಿನ ಅಭಾವ ತಲೆದೋರುತ್ತದೆ. ಆಗ ಅವು ತಮ್ಮ ಮೈಮೇಲೆ ಗ್ರಾಹಕಗಳೆಂಬ ಕೈಗಳನ್ನು ಹೆಚ್ಚಾಗಿ ಚಾಚಿ, ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಕಣಗಳನ್ನು ಸೆಳೆದುಕೊಳ್ಳುತ್ತವೆ. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳಿಗೆ ೧೯೮೫ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅಜ್ಜನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಗುಳಿಗೆಯು ಕಾರ್ಖಾನೆಯನ್ನು ಕೆಡವಿಲ್ಲ. ಬಾಗಿಲಿಗೆ ಬೀಗ ಹಾಕಿದೆ ಅಷ್ಟೆ. ಬೀಗ ತೆಗೆದರೆ ಕೆಲವೇ ವಾರಗಳಲ್ಲಿ ಕೊಲೆಸ್ಟರಾಲ್ ಮೊದಲಿನ ಮಟ್ಟಕ್ಕೆ ಮರಳುತ್ತದೆ. ರಕ್ತಪರೀಕ್ಷೆಯ ಒಳ್ಳೆಯ ಫಲವು ಗುಳಿಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಅದು ಇನ್ನು ಬೇಡ ಎಂಬುದಕ್ಕೆ ಅಲ್ಲ. ಈ ಔಷಧದ ಲಾಭವೂ ಸಣ್ಣದಲ್ಲ. ೧೯೯೪ರಲ್ಲಿ ಪ್ರಕಟವಾದ, ಉತ್ತರ ಯೂರೋಪಿನ ೪,೪೪೪ ಹೃದ್ರೋಗಿಗಳ ಮೇಲಿನ ಒಂದು ಪರೀಕ್ಷೆಯಲ್ಲಿ, ಸಿಂವಾಸ್ಟ್ಯಾಟಿನ್ ಸೇವಿಸಿದವರಲ್ಲಿ ಸಾವುಗಳು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗಿದ್ದುವು.

ಸ್ನಾಯುಗಳ ನೋವು

ಅಜ್ಜನ ಎರಡನೆಯ ಮಾತನ್ನು ಅಲ್ಲಗಳೆಯಬಾರದು. ಸ್ಟ್ಯಾಟಿನ್‌ಗಳಿಂದ ಕೆಲವರಿಗೆ ಸ್ನಾಯುಗಳ ನೋವು ಬರುವುದುಂಟು. ಆದರೆ ವಯಸ್ಸಾದವರಿಗೆ ಕಾಲುನೋವು ಬೇರೆ ಕಾರಣಗಳಿಂದಲೂ ಬರುತ್ತದೆ. ಇವೆರಡನ್ನು ಬೇರ್ಪಡಿಸುವುದು ಹೇಗೆ?

ಲಂಡನ್ನಿನಲ್ಲಿ ನಡೆದ ಒಂದು ಜಾಣತನದ ಪ್ರಯೋಗದ ಫಲ ೨೦೨೦ರಲ್ಲಿ ಪ್ರಕಟವಾಯಿತು. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ ೬೦ ಮಂದಿಗೆ ಒಂದು ವರ್ಷದಲ್ಲಿ ನಾಲ್ಕು ತಿಂಗಳು ನಿಜವಾದ ಗುಳಿಗೆ, ನಾಲ್ಕು ತಿಂಗಳು ಔಷಧವಿಲ್ಲದ ಹುಸಿಗುಳಿಗೆ ಕೊಟ್ಟರು. ಉಳಿದ ನಾಲ್ಕು ತಿಂಗಳು ಏನನ್ನೂ ಕೊಡಲಿಲ್ಲ. ನಿಜವಾದ ಗುಳಿಗೆ ಯಾವುದು, ಹುಸಿ ಯಾವುದು ಎಂದು ಅವರಿಗೆ ತಿಳಿಸಿರಲಿಲ್ಲ. ಗುಳಿಗೆಯಿಲ್ಲದ ತಿಂಗಳುಗಳಲ್ಲಿ ತೊಂದರೆ ಕಡಿಮೆಯಿತ್ತು. ಆದರೆ ನಿಜವಾದ ಗುಳಿಗೆಯಿಂದ ಹೆಚ್ಚಿದ ತೊಂದರೆಯ ಸುಮಾರು ನೂರಕ್ಕೆ ತೊಂಬತ್ತರಷ್ಟು ಹುಸಿಗುಳಿಗೆಯಿಂದಲೂ ಆಯಿತು! ಅವರ ನೋವು ಸುಳ್ಳಲ್ಲ; ಅದರ ಬಹುಭಾಗ ಔಷಧದಿಂದಲ್ಲ, ಗುಳಿಗೆ ನುಂಗಿದ್ದೇನೆಂಬ ಭಯದಿಂದ ಹುಟ್ಟಿತ್ತು. ಫಲವನ್ನು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಔಷಧವನ್ನು ಮತ್ತೆ ಆರಂಭಿಸಿದರು.

ಆದರೂ ಒಂದು ಅಪಾಯವನ್ನು ಮರೆಯಬಾರದು. ಅತಿ ವಿರಳವಾಗಿ ಸ್ನಾಯುಗಳ ಕೋಶಗಳೇ ಒಡೆದು, ಅವುಗಳ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ತೀವ್ರವಾದ ಸ್ನಾಯುನೋವು, ಮೇಲೇಳಲಾರದಷ್ಟು ನಿಶ್ಶಕ್ತಿ, ಕರಿಚಹದ ಬಣ್ಣದ ಮೂತ್ರ ಇವು ಅದರ ಲಕ್ಷಣಗಳು. ಇವು ಕಂಡರೆ ಮುಂದಿನ ಗುಳಿಗೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಸಾಧಾರಣ ನೋವಾದರೆ ಗುಳಿಗೆಯನ್ನು ತಾನಾಗಿ ಬಿಡದೆ ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣವನ್ನು ತಗ್ಗಿಸಬಹುದು, ಇಲ್ಲವೆ ಬೇರೆ ಸ್ಟ್ಯಾಟಿನನ್ನು ಕೊಡಬಹುದು.

ಚಕ್ಕೋತವೂ ಸುಂಕದ ಕಟ್ಟೆಯೂ

ನುಂಗಿದ ಔಷಧವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಒಂದು ಕಿಣ್ವವು ಹಿಂದಿನ ಕಾಲದ ಸುಂಕದ ಕಟ್ಟೆಯಂತೆ ಬಹುಭಾಗವನ್ನು ಅಲ್ಲಿಯೇ ತಡೆದು ನಾಶಮಾಡುತ್ತದೆ. ಸಿಂವಾಸ್ಟ್ಯಾಟಿನ್ನಿನಲ್ಲಿ ನೂರಕ್ಕೆ ಐದು ಪಾಲು ಕೂಡ ಈ ಕಟ್ಟೆಯನ್ನು ದಾಟುವುದಿಲ್ಲ. ಇದನ್ನು ಲೆಕ್ಕ ಹಾಕಿಯೇ ಗುಳಿಗೆಯ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ಕಟ್ಟೆಯ ಕಾವಲು ತಪ್ಪಿದರೆ ಅದೇ ಗುಳಿಗೆ ಹಲವು ಗುಳಿಗೆಗಳಿಗೆ ಸಮನಾಗುತ್ತದೆ.

ಕಾವಲು ತಪ್ಪಿಸುವ ಹಣ್ಣೊಂದುಂಟು. ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸವು ರಕ್ತದೊತ್ತಡದ ಒಂದು ಔಷಧದ ಮಟ್ಟವನ್ನು ಏರಿಸುತ್ತದೆಂದು ಕೆನಡಾದ ವಿಜ್ಞಾನಿಗಳು ೧೯೮೯ರಲ್ಲಿ ತಿಳಿಸಿದರು. ಅವರು ಅದನ್ನು ಹುಡುಕಿ ಹೊರಟವರಲ್ಲ. ಪ್ರಯೋಗವೊಂದರಲ್ಲಿ ಮದ್ಯದ ರುಚಿಯನ್ನು ಮರೆಮಾಡಲು ಆ ರಸವನ್ನು ಬೆರೆಸಿದ್ದರು. ಈ ಹಣ್ಣು ನಮ್ಮಲ್ಲಿ ಅಪರೂಪ. ಆದರೆ ಅದು ಕಿತ್ತಳೆಗೂ ಚಕ್ಕೋತಕ್ಕೂ ಹುಟ್ಟಿದ ಮಿಶ್ರ ಸಂತಾನ! ಚಕ್ಕೋತದ ಮರ ನಮ್ಮ ಹಿತ್ತಿಲುಗಳಲ್ಲಿದೆ. ದೇವನಹಳ್ಳಿಯ ಚಕ್ಕೋತವಂತೂ ಹೆಸರಾದುದು. ಕಿಣ್ವವನ್ನು ಕೆಡಿಸುವ ಅದೇ ಬಗೆಯ ವಸ್ತುಗಳು ಇದರಲ್ಲಿಯೂ ಇವೆ. ಕೆಟ್ಟ ಕಿಣ್ವದ ಬದಲು ಹೊಸದು ಹುಟ್ಟಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಆದುದರಿಂದ ಹಣ್ಣನ್ನು ಬೆಳಿಗ್ಗೆ ತಿಂದು ಗುಳಿಗೆಯನ್ನು ರಾತ್ರಿ ನುಂಗಿದರೆ ಸಾಲದು. ಸಿಂವಾಸ್ಟ್ಯಾಟಿನ್ ಅಥವಾ ಅಟೊರ್ವಾಸ್ಟ್ಯಾಟಿನ್ ಸೇವಿಸುವವರು ಚಕ್ಕೋತದ ವಿಷಯವನ್ನು ವೈದ್ಯರಲ್ಲಿ ಕೇಳಿಕೊಳ್ಳುವುದು ಲೇಸು. ರೊಸುವಾಸ್ಟ್ಯಾಟಿನ್ ಈ ಕಟ್ಟೆಯ ದಾರಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಹಣ್ಣಿಗಿಂತ ಹೆಚ್ಚು ಅಪಾಯಕರವಾದುವು ಕೆಲವು ಔಷಧಗಳು. ಕ್ಲಾರಿತ್ರೊಮೈಸಿನ್ ಎಂಬ ಪ್ರತಿಜೈವಿಕ, ಶಿಲೀಂಧ್ರರೋಗಕ್ಕೆ ಕೊಡುವ ಇಟ್ರಕೊನಜೋಲ್ ಇವು ಆ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ಜೆಮ್‌ಫೈಬ್ರೊಜಿಲ್ ಎಂಬುದು ಬೇರೆ ದಾರಿಯಿಂದ ಸ್ಟ್ಯಾಟಿನ್ನಿನ ಮಟ್ಟವನ್ನು ಏರಿಸುತ್ತದೆ. ಸೆರಿವಾಸ್ಟ್ಯಾಟಿನ್ ಎಂಬ ಗುಳಿಗೆಯನ್ನು ೨೦೦೧ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಅದನ್ನು ಸೇವಿಸಿದವರಲ್ಲಿ ಸ್ನಾಯುಗಳು ಒಡೆದು ಸಾವುಗಳು ಸಂಭವಿಸಿದ್ದುವು. ಜೆಮ್‌ಫೈಬ್ರೊಜಿಲ್ಲಿನೊಡನೆ ಸೇವಿಸಿದವರಲ್ಲಿ ಅಪಾಯ ಬಹಳ ಹೆಚ್ಚಾಗಿತ್ತು. ಆದುದರಿಂದ ಚರ್ಮದ ಕಜ್ಜಿಗೆ ಹೋಗಲಿ, ಕೆಮ್ಮಿಗೆ ಹೋಗಲಿ, ಹೊಸ ವೈದ್ಯರ ಬಳಿಗೆ ಹೋಗುವಾಗ ಹಳೆಯ ಔಷಧಗಳ ಪಟ್ಟಿಯನ್ನು ತೋರಿಸಬೇಕು.

“ಗಿಡಮೂಲಿಕೆಯದು, ತೊಂದರೆಯಿಲ್ಲ”

ಚೀನಾದ ಕ್ರಮದಂತೆ ಕೆಂಪು ಬೂಷ್ಟನ್ನು ಬೆಳೆಸಿದ ಅಕ್ಕಿಯ ಪುಡಿಯನ್ನು ಕೊಲೆಸ್ಟರಾಲಿಗೆಂದು ಮಾರುವುದುಂಟು. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬ ವಸ್ತು ಮತ್ತು ಲೊವಾಸ್ಟ್ಯಾಟಿನ್ ಒಂದೇ. ಸ್ಟ್ಯಾಟಿನ್ ಗುಳಿಗೆಯೊಡನೆ ಅದನ್ನು ಸೇವಿಸಿದರೆ ಅಳತೆಯಿಲ್ಲದೆ ಎರಡು ಸ್ಟ್ಯಾಟಿನ್ ನುಂಗಿದಂತೆ. ನಮ್ಮ ಕರಾವಳಿಯ ಕೆಂಪು ಕುಚ್ಚಲಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಕುಚ್ಚಲಕ್ಕಿಯ ಕೆಂಪು ಅದರ ತೌಡಿನದು.

ಉಪ್ಪಾಗೆಯ ವಿಷಯವೂ ಹೀಗೆಯೇ. ಉತ್ತರ ಕನ್ನಡದ ಕಾಡಿನ ಈ ಹಣ್ಣಿನ ಸಿಪ್ಪೆ ಸಾರಿಗೆ ಹುಳಿಯಾಗಿ ಬಳಕೆಯಲ್ಲಿದೆ. ಅಡುಗೆಯ ಹುಳಿಗೆ ಹೆದರಬೇಕಾಗಿಲ್ಲ. ಆದರೆ ಅದರ ಸತ್ತ್ವವನ್ನು ಗಟ್ಟಿಗೊಳಿಸಿ, ತೂಕ ಇಳಿಸುವ ಗುಳಿಗೆಯಾಗಿ ಹೊರದೇಶಗಳಲ್ಲಿ ಮಾರಿದಾಗ ಕೆಲವರ ಯಕೃತ್ತು ಕೆಟ್ಟುದು ದಾಖಲಾಗಿದೆ. ಅಳತೆ ಬದಲಾದರೆ ಗುಣವೂ ಬದಲಾಗುತ್ತದೆ.

ಸೇವನೆಯ ಕ್ರಮ

ಸಿಂವಾಸ್ಟ್ಯಾಟಿನ್ನನ್ನು ರಾತ್ರಿ ಸೇವಿಸಬೇಕು. ಅದು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೊಲೆಸ್ಟರಾಲಿನ ತಯಾರಿಕೆಯಾದರೋ ರಾತ್ರಿಯೇ ಹೆಚ್ಚು. ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್‌ಗಳನ್ನು ಯಾವ ಹೊತ್ತಿನಲ್ಲಾದರೂ ಸೇವಿಸಬಹುದು. ಆದರೆ ದಿನವೂ ಅದೇ ಹೊತ್ತಿಗಾಗಲಿ. ಹೊಟ್ಟೆಯುರಿಗೆ ಕುಡಿಯುವ ಬಿಳಿಯ ದ್ರವೌಷಧವನ್ನು ರೊಸುವಾಸ್ಟ್ಯಾಟಿನ್ ಸೇವಿಸಿ ಎರಡು ಗಂಟೆಯಾದ ಮೇಲೆ ಕುಡಿಯಬೇಕು.

ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಪ್ರಮಾಣವನ್ನು ಇಮ್ಮಡಿ ಮಾಡಿದರೂ ಎಲ್‌ಡಿಎಲ್ ಇನ್ನು ನೂರಕ್ಕೆ ಆರರಷ್ಟು ಮಾತ್ರ ಇಳಿಯುತ್ತದೆ. ಸ್ನಾಯುಗಳ ಅಪಾಯವಾದರೋ ಏರುತ್ತದೆ. ಏಷ್ಯದವರ ರಕ್ತದಲ್ಲಿ ರೊಸುವಾಸ್ಟ್ಯಾಟಿನ್ನಿನ ಮಟ್ಟ ಯೂರೋಪಿಯನ್ನರದಕ್ಕಿಂತ ಸುಮಾರು ಇಮ್ಮಡಿಯಾಗುವುದೆಂದು ಕಂಡುಬಂದಿದೆ. ಹೊರದೇಶದ ನಂಟರು ತಂದ ದೊಡ್ಡ ಪ್ರಮಾಣದ ಗುಳಿಗೆಯನ್ನು ಹಂಚಿಕೊಳ್ಳಬಾರದೆಂಬುದಕ್ಕೆ ಇದೂ ಒಂದು ಕಾರಣ. ಗರ್ಭಿಣಿಯಾದವರು, ಆಗಲು ಬಯಸುವವರು, ಮೊಲೆಯೂಡಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು; ಸಾಮಾನ್ಯವಾಗಿ ಆಗ ಈ ಔಷಧವನ್ನು ನಿಲ್ಲಿಸುತ್ತಾರೆ.

ಗುಳಿಗೆಯಿದೆಯೆಂದು ಆಹಾರದ ಹಿಡಿತವನ್ನು ಸಡಿಲಿಸಲಾಗದು. ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲವೆಂಬುದು ನಿಜ. ಆದರೆ ಅದರ ಬಹುಭಾಗ ಸಂತೃಪ್ತ ಕೊಬ್ಬು. ಅಂಥ ಕೊಬ್ಬು ಯಕೃತ್ತಿನ ಗ್ರಾಹಕಗಳನ್ನು ಕುಗ್ಗಿಸುತ್ತದೆ. ಗುಳಿಗೆ ಚಾಚಿಸಿದ ಕೈಗಳನ್ನು ಎಣ್ಣೆ ಹಿಂದಕ್ಕೆ ಎಳೆದಂತಾಗುತ್ತದೆ. ತೆಂಗನ್ನು ತೊರೆಯಬೇಕಾಗಿಲ್ಲ, ಮಿತಿಯಲ್ಲಿಡಬೇಕು.

ಇನ್ನು ಮೊಮ್ಮಗನು ಅಜ್ಜನಿಗೆ ಹೀಗೆ ಹೇಳಬಹುದು: “ಅಜ್ಜಾ, ರಕ್ತ ಸರಿಯಾಗಿರುವುದು ಈ ಗುಳಿಗೆಯಿಂದ. ಕಾಲುನೋವಿನ ಸಂಗತಿ ಡಾಕ್ಟರಿಗೆ ಹೇಳೋಣ. ಅಲ್ಲಿಯವರೆಗೆ ನೀವಾಗಿ ಬಿಡಬೇಡಿ.” ಕೊಲೆಸ್ಟರಾಲ್ ಏರಿದ್ದೂ ಅಜ್ಜನ ಅನುಭವಕ್ಕೆ ಬರಲಿಲ್ಲ, ಇಳಿದದ್ದೂ ಬರಲಿಲ್ಲ. ಮೈಗೆ ತಿಳಿಯದ ಇಂಥ ಸಂಗತಿಯನ್ನು ಬುದ್ಧಿಯಿಂದ ತಿಳಿದು ನಡೆಯಬೇಕು. ಓದು ಬಲ್ಲವರು ಅದರಲ್ಲಿ ಮನೆಯವರಿಗೆ ನೆರವಾಗಬಲ್ಲರು.